ಗುಡ್ಡ ಹತ್ತೋ ಸೈಕಲ್ಲು: ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಹಿಡೀಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಮೌಂಟನ್ ಬೈಕ್ (ಎಂಟಿಬಿ, ಗುಡ್ಡ-ಮಣ್ಣಿನ ದಾರಿಗೆ ಮಾಡಿರೋ ಸೈಕಲ್) ಬಗ್ಗೆನೇ ಇವೆ, ಹೊಸದು ತಗೊಳ್ಳೋರು ಕೆಲವರು, ಇರೋದನ್ನೇ ಅಪ್‌ಗ್ರೇಡ್ ಮಾಡಿಸೋರು ಇನ್ನು ಕೆಲವರು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದಕ್ಕೆ ಉತ್ತರ ಬರ್ದಿದೀನಿ. ರೇಟುಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗ್ತವೆ, ಹಾಗಾಗಿ ನಾನು ಹೇಳಿರೋದನ್ನ ಒಂದು ಅಂದಾಜು ಅಂತ ಇಟ್ಕೊಳ್ಳಿ.

ಪ್ರಶ್ನೆ: ಮಗ ಈ ವರ್ಷ ಫಸ್ಟ್ ಪಿಯುಸಿ. ಕಾಲೇಜು ಮನೆಯಿಂದ 6 ಕಿ.ಮೀ., ಅದರಲ್ಲಿ ಅರ್ಧ ಮಣ್ಣಿನ ರಸ್ತೆ, ಬರೀ ಏರು ಇಳಿಜಾರು. ಬಜೆಟ್ 15 ಸಾವಿರ. ಅಂಗಡಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರೋ 21 ಗೇರಿನ ಸೈಕಲ್ ತೋರಿಸಿದ್ರು, ಹುಡುಗ ಅದನ್ನೇ ಹಿಡ್ಕೊಂಡು ಕೂತಿದಾನೆ. ಅದೇ ರೇಟಿಗೆ ಮುಂದೆ ಮಾತ್ರ ಶಾಕ್ ಇರೋ 7 ಗೇರಿನದು ಇನ್ನೊಂದಿದೆ. ಯಾವ್ದು ತಗೊಳ್ಳೋದು? – ಒಬ್ಬ ತಂದೆ, ತೀರ್ಥಹಳ್ಳಿ

ಉತ್ತರ: ಸಾರ್, ಎರಡು ಶಾಕಿನದನ್ನ ದಯವಿಟ್ಟು ಬಿಟ್ಬಿಡಿ. ಹುಡುಗನಿಗೆ ಬೇಜಾರಾಗುತ್ತೆ, ಆದ್ರೂ ಬಿಡಿ. ಹಿಂದಿನ ಸಸ್ಪೆನ್ಷನ್ ಸರಿಯಾಗಿ ಕೆಲಸ ಮಾಡ್ಬೇಕು ಅಂದ್ರೆ ಅದರ ಶಾಕ್ ಒಳಗೆ ಎಣ್ಣೆ ಇರ್ಬೇಕು, ಒತ್ತಿದ್ಮೇಲೆ ನಿಧಾನಕ್ಕೆ ವಾಪಸ್ ಬರೋ ಹಾಗೆ ಡ್ಯಾಂಪಿಂಗ್ ಇರ್ಬೇಕು, ಫ್ರೇಮಿನ ಜಾಯಿಂಟ್‌ಗಳಲ್ಲಿ ಬೇರಿಂಗ್ ಇರ್ಬೇಕು. ಅಂಥ ಒಂದು ಒಳ್ಳೇ ಶಾಕಿನ ರೇಟೇ ನಿಮ್ಮ ಇಡೀ ಬಜೆಟ್ಟಿಗಿಂತ ಜಾಸ್ತಿ ಆಗುತ್ತೆ. 15 ಸಾವಿರದ ಸೈಕಲ್ಲಿನಲ್ಲಿ ಇರೋದು ಬರೀ ಒಂದು ಸ್ಪ್ರಿಂಗು, ಜಾಯಿಂಟಿಗೆ ಪ್ಲಾಸ್ಟಿಕ್ ಬುಷ್. ಏರಿನಲ್ಲಿ ಪೆಡಲ್ ತುಳಿದ್ರೆ ಒಂದಷ್ಟು ಶಕ್ತಿ ಆ ಸ್ಪ್ರಿಂಗ್ ಕುಣಿಸೋಕೇ ಹೋಗುತ್ತೆ, ನಿಮ್ಮ ಕಡೆ ಮಳೆಗೆ ಬುಷ್ ಸವೆದು ಹಿಂದಿನ ಚಕ್ರ ಆ ಕಡೆ ಈ ಕಡೆ ಅಳ್ಳಾಡೋಕೆ ಶುರುವಾಗುತ್ತೆ, ಆಮೇಲೆ ಆ ಬುಷ್ ಎಲ್ಲೂ ಸಿಗಲ್ಲ. ಮೇಲಿಂದ ಆ ಸೈಕಲ್ಲಿನ ತೂಕ ಸುಮಾರು 18 ಕೆಜಿ ಮೇಲೇ ಇರುತ್ತೆ. ನಂಬಿಕೆ ಬರದಿದ್ರೆ ಅಂಗಡಿಯಲ್ಲೇ ನೋಡಿ, ಒಂದು ಕೈಯಲ್ಲಿ ಸೀಟು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಹಿಂದಿನ ಚಕ್ರ ಅಡ್ಡಡ್ಡ ಅಲ್ಲಾಡಿಸಿ, ಹೊಸ ಸೈಕಲ್ಲಿನಲ್ಲೇ ಸ್ವಲ್ಪ ಆಟ ಗೊತ್ತಾಗುತ್ತೆ. ಇದನ್ನ ಮಗನ ಕೈಯಲ್ಲೇ ಮಾಡಿಸಿ, ನೀವು ಬೇಡ ಅನ್ನೋ ಕಷ್ಟ ಇರಲ್ಲ.

ಇನ್ನು 21 ಗೇರು 7 ಗೇರಿನ ವಿಷಯ. ಗೇರ್ ಎಷ್ಟಿದೆ ಅನ್ನೋದಲ್ಲ, ಹಲ್ಲು ಎಷ್ಟಿದೆ ಅಂತ ಎಣಿಸಿ. ಹಲ್ಲಿನ ಚಕ್ರ ಮುಂದೆ 3, ಹಿಂದೆ 7 ಇದ್ರೆ ಗುಣಿಸಿ 21 ಅಂತಾರೆ, ಅದರಲ್ಲಿ ಎಷ್ಟೋ ಗೇರು ಒಂದರ ಮೇಲೊಂದು ಕೂರೋಂಥವು, ಬೇರೆ ಬೇರೆ ಅಂತ ಕಾಲಿಗೆ ಗೊತ್ತೇ ಆಗಲ್ಲ. ಆದ್ರೆ ಏರಿಗೆ ಬೇಕಾಗೋದು ಅತೀ ಸಣ್ಣ ಗೇರ್ ಒಂದು. ಮುಂದಿನ ಅತೀ ಸಣ್ಣ ಚಕ್ರದ ಹಲ್ಲನ್ನ ಹಿಂದಿನ ಅತೀ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ, ಬರೋ ಸಂಖ್ಯೆ ಸಣ್ಣದಾದಷ್ಟೂ ಹತ್ತೋದು ಹಗುರ. 21 ಗೇರಿನ ಸೈಕಲ್ಲಲ್ಲಿ ಸಾಮಾನ್ಯವಾಗಿ ಮುಂದೆ 24, ಹಿಂದೆ 28 ಇರುತ್ತೆ, ಅಂದ್ರೆ 0.86, ಇದು ಏರಿಗೆ ಚೆನ್ನಾಗಿದೆ. 7 ಗೇರಿನದರಲ್ಲಿ ಮುಂದೆ 36, ಹಿಂದೆ 28 ಇದ್ರೆ 1.29, ನಿಮ್ಮ ಊರಿನ ಏರಿಗೆ ಹುಡುಗ ಇಳಿದು ತಳ್ಕೊಂಡು ಹೋಗ್ಬೇಕಾಗುತ್ತೆ. ಅದೇ ಹಿಂದೆ 34 ಹಲ್ಲಿನ ದೊಡ್ಡ ಚಕ್ರ ಇದ್ರೆ 1.06, ಪರವಾಗಿಲ್ಲ. ಹಾಗಾಗಿ ನನ್ನ ಉತ್ತರ ಇವೆರಡರಲ್ಲಿ ಯಾವ್ದೂ ಅಲ್ದೇ ಇರಬಹುದು: 7 ಗೇರಿನದು 1ರ ಹತ್ತಿರ ಬಂದ್ರೆ ಅದನ್ನೇ ತಗೊಳ್ಳಿ, ಬರದಿದ್ರೆ ಮುಂದೆ ಮಾತ್ರ ಶಾಕ್ ಇರೋ 21 ಗೇರಿನದನ್ನ ತರಿಸಿಕೊಡಿ ಅಂತ ಕೇಳಿ. ಶಾಕೇ ಇಲ್ಲದ ಗಟ್ಟಿ ಫೋರ್ಕಿನದು (ಫೋರ್ಕ್ ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಕವಲು) ಸಿಕ್ಕಿದ್ರೆ ಇನ್ನೂ ಒಳ್ಳೇದು, ಈ ರೇಟಿನಲ್ಲಿ ಶಾಕಿಗೆ ಹೋಗೋ ದುಡ್ಡು ಚಕ್ರದ ನಡುವಿನ ಹಬ್ಬಿಗೂ ಬ್ರೇಕಿಗೂ ಹೋಗಿರುತ್ತೆ, ಅಗಲ ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಹಾಕಿದ್ರೆ ಮಣ್ಣಿನ ರಸ್ತೆಯ ಕುಲುಕಾಟ ಅದೇ ತಿನ್ಕೊಳ್ಳುತ್ತೆ.

ಮಲೆನಾಡಿನ ಮಳೆಗೆ ಡಿಸ್ಕ್ ಬ್ರೇಕ್ ಇರೋದೇ ಒಳ್ಳೇದು, ಕೇಬಲ್ಲಿನದಾದ್ರೂ ಸರಿ. ರಿಮ್ಮಿಗೆ ಹಿಡಿಯೋ ಬ್ರೇಕು ಕೆಂಪು ರಾಡಿಯಲ್ಲಿ ರಬ್ಬರನ್ನೂ ಸವೆಸುತ್ತೆ, ರಿಮ್ಮನ್ನೂ ಸವೆಸುತ್ತೆ. ಬಿಲ್ ಕೇಳಿ ತಗೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೇ ಸ್ಟಾಕಿನ ಹಳೇ ರೇಟ್ ಹೇಳಿದ್ರೆ ಸುಮ್ನೆ ಒಪ್ಕೋಬೇಡಿ. 15 ಸಾವಿರನೂ ಸೈಕಲ್ಲಿಗೇ ಹಾಕ್ಬೇಡಿ, 2 ಸಾವಿರ ಹೆಲ್ಮೆಟ್, ಹಿಂದಿನ ಲೈಟು, ಮಡ್‌ಗಾರ್ಡು, ಪಂಪಿಗೆ ಇಟ್ಕೊಳ್ಳಿ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ. ವೀಕೆಂಡ್ ನಂದಿ ಬೆಟ್ಟದ ಸುತ್ತಮುತ್ತ ಮಣ್ಣಿನ ದಾರಿಗಳಲ್ಲಿ ಓಡಿಸೋಣ ಅಂತ ಆಸೆ. ಬಜೆಟ್ 60 ಸಾವಿರ. ಇದಕ್ಕೆ ಹೊಸದು ಒಳ್ಳೇದಾ, ಅಥವಾ 1 ಲಕ್ಷದ ಸೈಕಲ್ ಸೆಕೆಂಡ್ ಹ್ಯಾಂಡಲ್ಲಿ ಈ ರೇಟಿಗೆ ಸಿಗ್ತಿದೆ, ಅದು ಒಳ್ಳೇದಾ? – ಬೆಂಗಳೂರು

ಉತ್ತರ: ನೋಡೋಕೆ ಬರೋದಾದ್ರೆ ಸೆಕೆಂಡ್ ಹ್ಯಾಂಡ್. ಬೆಂಗಳೂರಿನಲ್ಲಿ ಸೈಕಲ್ ಹುಚ್ಚು ಹತ್ತಿ ತಗೊಂಡು ಒಂದು ವರ್ಷ ಬಾಲ್ಕನಿಯಲ್ಲಿ ನಿಲ್ಸಿ ಮಾರೋರು ತುಂಬ ಜನ ಇದಾರೆ, ಅಂಥ ಸೈಕಲ್ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇ ವ್ಯಾಪಾರ ಇನ್ನೊಂದಿಲ್ಲ. ಆದ್ರೆ ನೋಡೋಕೆ ಬರ್ಬೇಕು. ಹೇಗೆ ನೋಡೋದು ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಇಲ್ಲೇ ಜನ ದುಡ್ಡು ಕಳ್ಕೊಳ್ಳೋದು.

ಬೆಳಕಲ್ಲಿ ನೋಡಿ, ಸಂಜೆ ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿ ಅಲ್ಲ. ಸೈಕಲ್ ತೊಳೆದಿರ್ಬೇಕು ಅಂತ ಮೊದ್ಲೇ ಹೇಳಿ. ಮೊದಲು ಫ್ರೇಮು: ಹ್ಯಾಂಡಲ್ ಕೆಳಗಿನ ಕೊಳವೆಗೆ ಬೇರೆ ಎರಡು ಕೊಳವೆ ಸೇರೋ ಜಾಗ, ಪೆಡಲ್ ತೋಳುಗಳು ಕೂರೋ ಕ್ರ್ಯಾಂಕ್ ಹತ್ರ, ಸೀಟಿನ ಕೊಳವೆಯ ಮೇಲ್ತುದಿ, ಈ ಮೂರು ಕಡೆ ವೆಲ್ಡಿಂಗ್ ಉದ್ದಕ್ಕೂ ಉಗುರಲ್ಲಿ ಗೀರಿ ನೋಡಿ. ಪೇಂಟ್ ಮೇಲೆ ಕೂದಲೆಳೆಯಂಥ ಬಿರುಕು ಉಗುರಿಗೆ ತಾಗಿದ್ರೆ ಅಲ್ಲಿಗೆ ಮಾತು ಮುಗೀತು, ಅಲ್ಯೂಮಿನಿಯಂ ಫ್ರೇಮನ್ನ ಸುಮ್ನೆ ವೆಲ್ಡ್ ಮಾಡಿಸಿ ಓಡಿಸೋಕಾಗಲ್ಲ, ಎಷ್ಟು ಕಮ್ಮಿ ಹೇಳಿದ್ರೂ ಬೇಡ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನ ಹಿಂದಕ್ಕೂ ಮುಂದಕ್ಕೂ ತಳ್ಳಿ, ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದ್ರೆ ಅಲ್ಲಿನ ಬೇರಿಂಗ್, ಅಂದ್ರೆ ಹೆಡ್‌ಸೆಟ್, ಸಡಿಲ, ಇದು ಕಮ್ಮಿ ಖರ್ಚಿನದು. ಕ್ರ್ಯಾಂಕ್ ತೋಳನ್ನ ಫ್ರೇಮ್ ಕಡೆಗೆ ಅಡ್ಡ ಎಳೆದು ನೋಡಿ, ಆಟ ಇದ್ರೆ ಬೇರಿಂಗ್ ಹೋಗಿದೆ. ಚಕ್ರ ಎತ್ತಿ ತಿರುಗಿಸಿ, ಕೈಗೆ ಮರಳು ಅರೆದ ಹಾಗೆ ಆದ್ರೆ ಹಬ್ಬಿನ ಬೇರಿಂಗ್ ಖರ್ಚಿದೆ. ಫೋರ್ಕಿನ ಹೊಳೆಯೋ ಕಾಲುಗಳ ಮೇಲೆ ಬೆರಳಾಡಿಸಿ, ಸೀಲ್ ಓಡಾಡೋ ಜಾಗದಲ್ಲಿ ಗೀರು ಕೈಗೆ ಸಿಕ್ಕಿದ್ರೆ ಎಣ್ಣೆ ಸೋರುತ್ತೆ, ಅದಕ್ಕೆ ಸೀಲ್ ಹಾಕಿಸಿ ಪ್ರಯೋಜನ ಇಲ್ಲ.

ಚೈನ್ ಸವೆತಕ್ಕೆ ಮಾಲೀಕರ ಮಾತು ಬೇಡ, ಒಂದಡಿ ಸ್ಟೀಲ್ ಸ್ಕೇಲ್ ಜೇಬಲ್ಲಿಟ್ಕೊಂಡು ಹೋಗಿ. ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ರೆ, ಅಲ್ಲಿಂದ 25ನೇ ಪಿನ್ನು, ಆ ಮೊದಲನೇದನ್ನೂ ಸೇರಿಸಿ ಎಣಿಸಿ, ಸರಿಯಾಗಿ 12 ಇಂಚಿನ ಗೆರೆ ಮೇಲೆ ಇರ್ಬೇಕು. ಅದು ಗೆರೆ ದಾಟಿ 1/16 ಇಂಚು, ಅಂದ್ರೆ ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ರೆ ಚೈನ್ ಬದಲಾಯಿಸ್ಬೇಕು. 1/8 ಇಂಚು, ಅಂದ್ರೆ 3 ಮಿಲಿಮೀಟರ್ ಆಚೆ ಹೋಗಿದ್ರೆ ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು, ಅಂದ್ರೆ ಕ್ಯಾಸೆಟ್ಟೂ ಮುಗಿದಿದೆ ಅಂತ ಅರ್ಥ, ಹೊಸ ಚೈನ್ ಹಾಕಿದ್ರೆ ಅದು ಹಳೇ ಹಲ್ಲಿನ ಮೇಲೆ ಜಾರುತ್ತೆ. 12 ಸ್ಪೀಡಿನ (ಹಿಂದೆ 12 ಹಲ್ಲಿನ ಚಕ್ರಗಳಿರೋ) ಸೈಕಲ್ಲಾದ್ರೆ ಚೈನೂ ಕ್ಯಾಸೆಟ್ಟೂ ಸೇರಿ ದೊಡ್ಡ ಖರ್ಚೇ, ಅಷ್ಟನ್ನ ರೇಟಿನಲ್ಲಿ ಇಳಿಸಿ ಅಂತ ಸ್ಕೇಲ್ ತೋರಿಸಿ ಕೇಳಿ, ಕೇಳೋದ್ರಲ್ಲಿ ಸಂಕೋಚ ಬೇಡ.

26 ಇಂಚಿನ ಚಕ್ರದ ಹಳೇ ದುಬಾರಿ ಸೈಕಲ್ ಯಾರಾದ್ರೂ ಸಸ್ತಾ ಕೊಡ್ತೀನಿ ಅಂದ್ರೆ ಯೋಚನೆ ಮಾಡಿ. 2013-14ರ ಆಚೆಗೆ ಕಂಪನಿಗಳು ನಿಧಾನಕ್ಕೆ 27.5 ಮತ್ತು 29 ಇಂಚಿಗೆ ಹೋದ್ವು, ಈಗ 26ಕ್ಕೆ ಒಳ್ಳೇ ಫೋರ್ಕು, ಒಳ್ಳೇ ಟೈರು ಹುಡುಕೋದೇ ಕೆಲಸ. ಸೈಕಲ್ ಚೆನ್ನಾಗಿರುತ್ತೆ, ಓಡಿಸೋಕೆ ಖುಷಿನೇ, ಆದ್ರೆ ಮುಂದೆ ಅದಕ್ಕೆ ದುಡ್ಡು ಹಾಕೋ ಹಾಗಿಲ್ಲ. ಕೊನೆಗೆ ಸೈಕಲ್ ತಲೆಕೆಳಗೆ ಮಾಡಿ ಕ್ರ್ಯಾಂಕ್ ಕೆಳಗಿರೋ ಸೀರಿಯಲ್ ನಂಬರ್ ಬಿಲ್ಲಿನ ನಂಬರಿಗೆ ಹೊಂದುತ್ತಾ ನೋಡಿ, ಬಿಲ್ ಇಲ್ಲ, ನಂಬರ್ ಉಜ್ಜಿದೆ ಅಂದ್ರೆ ಅದು ಬೇರೆಯವರ ಮನೆಯಿಂದ ಹೋಗಿರೋ ಸೈಕಲ್ ಇರಬಹುದು, ಅದಕ್ಕೆ ಕೈ ಹಾಕ್ಬೇಡಿ.

ಇಷ್ಟೆಲ್ಲ ನೋಡೋಕೆ ಆಗಲ್ಲ, ಜೊತೆಗೆ ಬರೋ ಸ್ನೇಹಿತರೂ ಇಲ್ಲ ಅಂದ್ರೆ ಹೊಸದೇ ತಗೊಳ್ಳಿ, ತಪ್ಪೇನಿಲ್ಲ. ಹೊಸದರಲ್ಲಿ ಬ್ರ್ಯಾಂಡಿನ ಹೆಸರಿಗಿಂತ ಮೊದಲು ಮೂರು ವಿಷಯ ಕೇಳಿ. ಹಿಂದಿನ ಹಬ್ಬಲ್ಲಿ ಕ್ಯಾಸೆಟ್ ಇದ್ಯಾ, ಫ್ರೀವೀಲಾ? ಫೋರ್ಕಿನ ಮೇಲಿನ ಕೊಳವೆ ನೆಟ್ಟಗಿದ್ಯಾ, ಕೆಳಗೆ ದಪ್ಪ ಆಗ್ತಾ ಹೋಗೋ ಟೇಪರ್ಡಾ? ಬ್ರೇಕ್ ಕೇಬಲ್ ಬದಲು ಎಣ್ಣೆ ಒತ್ತಡದಲ್ಲಿ ಹಿಡಿಯೋ ಹೈಡ್ರಾಲಿಕ್ಕಾ? ಫ್ರೀವೀಲ್ ಅಂದ್ರೆ ಹಲ್ಲಿನ ಚಕ್ರಗಳ ಗೊಂಚಲನ್ನ ಹಬ್ಬಿಗೆ ತಿರುಪಿ ಕೂರಿಸಿರೋದು, ಅದರಲ್ಲಿ ಬಲಗಡೆ ಬೇರಿಂಗ್ ತುಂಬ ಒಳಗೆ ಇರುತ್ತೆ, ಆಕ್ಸಲ್ಲಿನ ಉದ್ದ ತುದಿಗೆ ಆಸರೆ ಇಲ್ದೇ ಗುಂಡಿಗೆ ಬಿದ್ದಾಗ ಬಗ್ಗುತ್ತೆ, ಕೆಲವೊಮ್ಮೆ ಮುರಿಯುತ್ತೆ. ಕ್ಯಾಸೆಟ್ ಹಬ್ಬಲ್ಲಿ ಬೇರಿಂಗ್ ತುದಿಗೆ ಬರುತ್ತೆ, ಗಟ್ಟಿ, ಮುಂದೆ 9, 10, 11 ಸ್ಪೀಡಿಗೆ ಹೋಗೋಕೂ ದಾರಿ ಇರುತ್ತೆ. ಯಾವುದಿದೆ ಅಂತ ಅಂಗಡಿಯವರಿಗೆ ಗೊತ್ತಿಲ್ದಿದ್ರೆ ಹಿಂದಿನ ಚಕ್ರ ಬಿಚ್ಚಿಸಿ ಹಲ್ಲುಗಳನ್ನ ಹಿಮ್ಮುಖ ತಿರುಗಿಸಿ, ಮಧ್ಯದಲ್ಲಿ ಟೂಲ್ ಕೂರೋ ಕಚ್ಚು ಇರೋ ರಿಂಗೂ ಜೊತೆಗೇ ತಿರುಗಿದ್ರೆ ಕ್ಯಾಸೆಟ್, ಅದು ನಿಂತಲ್ಲೇ ನಿಂತಿದ್ರೆ ಫ್ರೀವೀಲ್. 60 ಸಾವಿರ ಕೊಟ್ಟು ಫ್ರೀವೀಲ್ ತಗೋಬೇಡಿ. ಈ ರೇಟಿಗೆ ಟೇಪರ್ಡ್ ಹೆಡ್ ಟ್ಯೂಬ್ (ಫೋರ್ಕಿನ ಕೊಳವೆ ಕೂರೋ ಫ್ರೇಮಿನ ಭಾಗ) ಇರೋ ಫ್ರೇಮ್ ಸಿಕ್ಕಿ, ಫೋರ್ಕ್ ಮಾತ್ರ ಸಾಧಾರಣದ್ದಾದ್ರೂ ತಗೊಳ್ಳಿ, ಫೋರ್ಕ್ ನಾಳೆ ಬದಲಾಯಿಸಬಹುದು, ಫ್ರೇಮ್ ಬದಲಾಯಿಸೋದು ಅಂದ್ರೆ ಸೈಕಲ್ಲೇ ಬದಲಾಯಿಸೋದು.

ಒಂದು ಮಾತು, ತುರಹಳ್ಳಿ ಥರದ ಜಾಗಗಳು ಅರಣ್ಯ ಇಲಾಖೆಗೆ ಸೇರಿದ್ದು, ಸೈಕಲ್ ಬಿಡ್ತಾರೋ ಇಲ್ವೋ ಅಂತ ವಿಚಾರಿಸ್ಕೊಂಡೇ ಹೋಗಿ.

ಪ್ರಶ್ನೆ: ಸರ್, ನನ್ನ ಹತ್ರ 29 ಇಂಚಿನ ಎಂಟಿಬಿ ಐತ್ರಿ, ಮುಂದ 3 ಹಿಂದ 8, ಏಳೆಂಟು ವರ್ಷ ಆತು. ಈಗ ಎಲ್ಲಾರೂ ಮುಂದ ಹಲ್ಲಿನ ಚಕ್ರ ಒಂದೇ ಇರೋದು ಹಾಕಸ್ತಾರ. ನಾನೂ 12 ಸ್ಪೀಡ್ ಹಾಕಸ್ಬೇಕಂತ ಮಾಡೇನಿ. ಕಪ್ಪತಗುಡ್ಡದ ಕಡೆ ಹತ್ತಾಕ ಹಗುರ ಆಗ್ತದೇನ್ರಿ? ಎಷ್ಟು ಖರ್ಚು ಬರ್ತದ? – ಗದಗ

ಉತ್ತರ: 2022ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಷಿಪ್ ನಡೆದ ಊರಿನವರು ನೀವು, ಈ ಆಸೆ ಬರೋದು ಸಹಜ. ಆದ್ರೆ ಲೆಕ್ಕ ಮಾಡಿ ನೋಡೋಣ. ನಿಮ್ಮ ಸೈಕಲ್ಲಲ್ಲಿ ಮುಂದೆ 22-32-42, ಹಿಂದೆ 11ರಿಂದ 32 ಹಲ್ಲು ಇದೆ ಅಂತ ಇಟ್ಕೊಳ್ಳೋಣ, ಆ ಥರದ ಸೈಕಲ್ಲಿನಲ್ಲಿ ಹೆಚ್ಚಾಗಿ ಬರೋದು ಅದೇ. ಅತೀ ಹಗುರ ಗೇರು 22 ಭಾಗಿಸು 32, ಅಂದ್ರೆ 0.69. ಮುಂದೆ ಒಂದೇ 32 ಹಲ್ಲಿನ ಚಕ್ರ, ಹಿಂದೆ 9 ಸ್ಪೀಡ್ 11-42 ಹಾಕಿಸಿದ್ರೆ 0.76, ಅಂದ್ರೆ ಈಗಿರೋದಕ್ಕಿಂತ ಭಾರ! ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್ ಎಕ್ಸ್ ಗೇರ್ ಸೆಟ್ಟು, 10 ಸ್ಪೀಡ್ 11-48 ಹಾಕಿಸಿದ್ರೆ 0.67, ಹೆಚ್ಚೂ ಕಮ್ಮಿ ಈಗಿದ್ದಷ್ಟೇ. ಶಿಮಾನೊ ಡಿಯೋರ್ 12 ಸ್ಪೀಡ್ 10-51 ಹಾಕಿಸಿದ್ರೆ 0.63, ಸ್ವಲ್ಪ ಹಗುರ, ಆದ್ರೆ ಆ ಕ್ಯಾಸೆಟ್ ನಿಮ್ಮ ಹಬ್ಬಿಗೆ ಕೂರಲ್ಲ, ಅದಕ್ಕೆ ಮೈಕ್ರೋ ಸ್ಪ್ಲೈನ್ ಅನ್ನೋ ಬೇರೆ ಫ್ರೀಹಬ್ (ಹಬ್ಬಿನ ಮೇಲೆ ಕ್ಯಾಸೆಟ್ ಕೂರೋ ಭಾಗ) ಬೇಕು, ಅಂದ್ರೆ ಹಬ್ಬೋ ಅಥವಾ ಹಿಂದಿನ ಚಕ್ರವೋ ಬದಲಾಯಿಸ್ಬೇಕು. ಗೇರ್ ಸೆಟ್ಟು, ಚಕ್ರ, ಮುಂದಿನ ಕ್ರ್ಯಾಂಕು, ಲೇಬರ್ ಎಲ್ಲ ಸೇರಿ 25 ಸಾವಿರ ಆಚೆ ಹೋದ್ರೂ ಆಶ್ಚರ್ಯ ಇಲ್ಲ, ಏಳೆಂಟು ವರ್ಷದ ಸೈಕಲ್ಲಿಗೆ ಅಷ್ಟು ಹಾಕೋದು ನನಗಂತೂ ಒಪ್ಪಲ್ಲ, ಮಾರೋವಾಗ ಅದರ ಕಾಲು ಭಾಗನೂ ಬರಲ್ಲ.

ಇನ್ನೊಂದು ಕಡೆನೂ ನೋಡಿ. ಈಗ ನಿಮ್ಮ ಅತೀ ಜೋರಿನ ಗೇರು 42 ಭಾಗಿಸು 11, ಅಂದ್ರೆ 3.8. ಮುಂದೆ 32 ಒಂದೇ, ಹಿಂದೆ ಅದೇ 11 ಆದ್ರೆ 2.9. ಪೆಡಲ್ ನಿಮಿಷಕ್ಕೆ 80 ಸುತ್ತು ತುಳಿದ್ರೆ 29 ಇಂಚಿನ ಚಕ್ರದಲ್ಲಿ ಇವತ್ತು ಸುಮಾರು 42 ಕಿ.ಮೀ. ವೇಗ ಬರುತ್ತೆ, ಆಮೇಲೆ ಅದೇ ತುಳಿತಕ್ಕೆ 32. ಗುಡ್ಡಕ್ಕೆ ಹೋಗೋವರೆಗೂ ನಿಮ್ಮದು ಬಯಲು, ಟಾರು ರಸ್ತೆ, ಎದುರು ಗಾಳಿ, ಅಲ್ಲಿ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತೆ. ಮುಂದೆ ಒಂದೇ ಚಕ್ರ ಇರೋದ್ರ ಲಾಭ ಏನಂದ್ರೆ ಚೈನ್ ಬೀಳೋದು ಕಮ್ಮಿ, ಎಡಗೈಗೆ ಗೇರಿನ ಕೆಲಸ ಇರಲ್ಲ, ಕಲ್ಲು ದಾರಿಯಲ್ಲಿ ಗಮನ ರಸ್ತೆ ಮೇಲಿರುತ್ತೆ. ರೇಸಿಗೆ ಇಳಿಯೋರಿಗೆ ಅದು ದೊಡ್ಡ ಲಾಭನೇ, ನಾನು ಇಲ್ಲ ಅನ್ನಲ್ಲ. ಆದ್ರೆ ಹತ್ತೋಕೆ ಹಗುರ ಆಗುತ್ತೆ ಅಂತ ಮಾಡಿಸ್ತಿದ್ರೆ ಬೇಡ್ರಿ.

ಹಂಗಂತ ಸುಮ್ನಿರಿ ಅಂತಲ್ಲ. ನಿಮ್ಮ ಸೈಕಲ್ಲಿಗೆ ನಾನಾಗಿದ್ರೆ ಹೀಗೆ ಮಾಡಿಸ್ತೀನಿ: ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ ಸ್ಕೇಲಿಟ್ಟು ಚೈನ್ ಅಳೆದು, ಬೇಕಾದ್ರೆ ಹೊಸ 8 ಸ್ಪೀಡ್ ಚೈನು, ಕ್ಯಾಸೆಟ್ಟು. ಗೇರಿನ ಒಳಗಿನ ತಂತಿ ಹೊರಗಿನ ಕೇಸ್ ಎರಡೂ ಹೊಸದು, ಏಳೆಂಟು ವರ್ಷದ ಕೇಬಲ್ ಒಳಗೆ ನಿಮ್ಮ ಕಡೆ ಎರೆಮಣ್ಣಿನ ಧೂಳು ಸೇರಿ ಗೇರ್ ಬೀಳೋದೇ ತಡ ಆಗಿರುತ್ತೆ, ಕೇಬಲ್ ಬದಲಾಯಿಸಿದ ದಿನ, ಚೈನನ್ನ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸೋ ಡಿರೇಲರ್ರೇ ಹೊಸದು ಹಾಕಿಸಿದ ಹಾಗೆ ಅನ್ನಿಸುತ್ತೆ. ಡಿರೇಲರ್ ತೂಗು ಹಾಕಿರೋ ಹ್ಯಾಂಗರ್ ಹಿಂದಿಂದ ನೋಡಿದ್ರೆ ನೆಟ್ಟಗೆ ಇರ್ಬೇಕು, ಬಗ್ಗಿದ್ರೆ ಮೊದಲು ಅದನ್ನ ಸರಿ ಮಾಡಿಸಿ, ಅದು ಬಗ್ಗಿರೋವಾಗ ಎಷ್ಟು ಟ್ಯೂನಿಂಗ್ ಮಾಡಿಸಿದ್ರೂ ಗೇರ್ ಸರಿ ಕೂರಲ್ಲ. ಉಳಿದ ದುಡ್ಡು ಎರಡು ಒಳ್ಳೇ ಟೈರಿಗೆ ಹಾಕಿ. ಎಲ್ಲ ಸೇರಿ 7-8 ಸಾವಿರದಲ್ಲಿ ಮುಗಿಯುತ್ತೆ. ಟೈರಿಗೆ ಗಾಳಿ ಹಾಕೋವಾಗ ಪಂಚರ್ ಅಂಗಡಿಯಲ್ಲಿ 50-60 ಪಿಎಸ್‌ಐ ಹಾಕಿಬಿಡ್ತಾರೆ, ಕಲ್ಲಿನ ದಾರಿಗೆ ಅದು ವಿಪರೀತ, ಚಕ್ರ ಪುಟಿಯುತ್ತೆ ಹಿಡಿಯಲ್ಲ. ನಿಮ್ಮ ತೂಕ 65-70 ಕೆಜಿ ಇದ್ರೆ 2.2 ಇಂಚು ಅಗಲದ ಟೈರಿಗೆ 30ರ ಆಸುಪಾಸು ಇಟ್ಟು ನೋಡಿ, ಹಿಂದಕ್ಕೆ ಒಂದೆರಡು ಜಾಸ್ತಿ.

ಮತ್ತೂ ಮುಂದೆ ಒಂದೇ ಚಕ್ರಕ್ಕೆ ಹೋಗ್ಲೇಬೇಕು ಅನ್ಸಿದ್ರೆ ಅಡ್ವೆಂಟ್ ಎಕ್ಸ್ ಅಥವಾ ಡಿಯೋರ್ 11 ಸ್ಪೀಡ್ 11-51 ನೋಡಿ, ಇವೆರಡೂ ಸಾಮಾನ್ಯ ಶಿಮಾನೊ ಹಬ್ಬಿಗೇ ಕೂರ್ತಾವೆ, ಚಕ್ರ ಬದಲಾಯಿಸೋ ಖರ್ಚು ಉಳಿಯುತ್ತೆ. ಮಾಡಿಸೋಕೆ ಮೊದಲು ನಿಮ್ಮದು ಕ್ಯಾಸೆಟ್ಟೋ ಫ್ರೀವೀಲೋ ನೋಡ್ಕೊಳ್ಳಿ, 8 ಸ್ಪೀಡಲ್ಲಿ ಎರಡೂ ಬರ್ತಾವೆ.

ಪ್ರಶ್ನೆ: ನನ್ನ ಸೈಕಲ್ಲಿನ ಮುಂದಿನ ಫೋರ್ಕ್ ಎಷ್ಟು ಒತ್ತಿದ್ರೂ ಕೆಳಗೆ ಹೋಗೋದಿಲ್ಲ, ಕಲ್ಲಿನ ಹಾಗೆ ಉಂಟು. ತಗೊಂಡು 3 ವರ್ಷ. ಏರ್ ಫೋರ್ಕ್ ಹಾಕಿಸಿ ಅಂತ ಹೇಳ್ತಾರೆ, 120 ಎಂಎಂದು ಹಾಕಿದ್ರೆ ಇನ್ನೂ ಮೆತ್ತಗೆ ಆಗ್ತದಾ? ನನ್ನ ತೂಕ 54 ಕೆಜಿ. – ಉಡುಪಿ

ಉತ್ತರ: ಮೊದಲು ಸರ್ವಿಸ್ ಮಾಡಿಸಿ. ಕಡಲ ಗಾಳಿಯ ಉಪ್ಪು, ತಿಂಗಳುಗಟ್ಟಲೆ ಮಳೆ, ಕೆಂಪು ಮಣ್ಣು ಸೇರಿದ್ರೆ ಕಾಯಿಲ್ ಸ್ಪ್ರಿಂಗ್ ಫೋರ್ಕಿನೊಳಗಿನ ಗ್ರೀಸು ಒಣಗಿ, ಸ್ಪ್ರಿಂಗ್ ತುಕ್ಕು ಹಿಡಿದು, ಪ್ಲಾಸ್ಟಿಕ್ ಬುಷ್ ಕಚ್ಕೊಂಡಿರುತ್ತೆ. ಸನ್‌ಟೂರ್ ಎಕ್ಸ್‌ಸಿಎಂ ಥರದ ಫೋರ್ಕಾದ್ರೆ ಕೆಳಗಿನ ಎರಡು ಬೋಲ್ಟ್ ತೆಗೆದು ಕಾಲುಗಳನ್ನ ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಾಕೋದು ಅಷ್ಟೇ, ಗೊತ್ತಿರೋ ಮೆಕ್ಯಾನಿಕ್ಕಿಗೆ ಒಂದು ಗಂಟೆ ಕೆಲಸ. ಇಷ್ಟಕ್ಕೇ ಅದು ಮತ್ತೆ ಓಡಾಡೋ ಸಾಧ್ಯತೆ ತುಂಬ ಇದೆ. ಬೈಕ್ ತೊಳೆಯೋ ಕಡೆ ವಾಟರ್ ಸರ್ವಿಸ್ ಮಾಡಿಸ್ತಿದ್ರೆ ಇವತ್ತೇ ನಿಲ್ಸಿ, ಆ ಪ್ರೆಶರ್ ನೀರು ಫೋರ್ಕಿನ ಸೀಲು, ಹಬ್ಬು, ಕ್ರ್ಯಾಂಕಿನ ಬೇರಿಂಗ್ ಒಳಗೆಲ್ಲ ನುಗ್ಗುತ್ತೆ. ಬಕೆಟ್ ನೀರು ಹಳೇ ಬಟ್ಟೆ ಸಾಕು, ಆಮೇಲೆ ಚೈನಿಗೆ ಸೈಕಲ್ ಚೈನಿನ ಎಣ್ಣೆನೇ ಹಾಕಿ, ಗ್ಯಾರೇಜಿನ ವೇಸ್ಟ್ ಆಯಿಲ್ ಅಲ್ಲ.

ಸರ್ವಿಸ್ ಆದ್ಮೇಲೂ ಗಟ್ಟಿ ಅನ್ಸಿದ್ರೆ ಅದು ನಿಮ್ಮ ತೂಕಕ್ಕೆ. ಈ ಕಾಯಿಲ್ ಸ್ಪ್ರಿಂಗುಗಳು 70-80 ಕೆಜಿಯವರಿಗೆ ಹೊಂದೋ ಹಾಗೆ ಬರ್ತಾವೆ, ಮೇಲಿನ ಪ್ರೀಲೋಡ್ ನಾಬ್ ತಿರುಗಿಸಿದ್ರೆ ಸ್ಪ್ರಿಂಗಿನ ಗಟ್ಟಿತನ ಬದಲಾಗಲ್ಲ. 54 ಕೆಜಿಯವರಿಗೆ ಏರ್ ಫೋರ್ಕಿನ ಲಾಭ ನಿಜಕ್ಕೂ ಇದೆ, ಅದರಲ್ಲಿ ಸ್ಪ್ರಿಂಗ್ ಬದಲು ಗಾಳಿ ಇರೋದ್ರಿಂದ ಪಂಪಿನಲ್ಲಿ ಗಾಳಿ ಇಳಿಸಿ, ಸೀಟಿನ ಮೇಲೆ ಕೂತ್ರೆ ಒಟ್ಟು ಓಡಾಟದ 20-25 ಪರ್ಸೆಂಟ್ ಕೆಳಗಿಳಿಯೋ ಹಾಗೆ ಹೊಂದಿಸ್ಕೋಬಹುದು, ತೂಕನೂ ಅರ್ಧ ಕೆಜಿ ಆಸುಪಾಸು ಇಳಿಯುತ್ತೆ. ಆದ್ರೆ 120 ಎಂಎಂ ಓಡಾಟದ್ದು ಬೇಡ. ನಿಮ್ಮ ಫ್ರೇಮ್ 100ಕ್ಕೆ ಮಾಡಿರೋದಾದ್ರೆ 100ದೇ ಹಾಕಿಸಿ. 20 ಎಂಎಂ ಉದ್ದ ಆದ್ರೆ ಮುಂಭಾಗ ಎದ್ದು, ಹ್ಯಾಂಡಲ್ಲಿನ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತೆ, ಏರಿನಲ್ಲಿ ಮುಂದಿನ ಚಕ್ರ ಅಲೆದಾಡುತ್ತೆ, ಫ್ರೇಮಿನ ಕತ್ತಿನ ಮೇಲೆ ಒತ್ತಡನೂ ಜಾಸ್ತಿ. ಅದಕ್ಕಿಂತ ಮೊದಲು ನಿಮ್ಮ ಹೆಡ್ ಟ್ಯೂಬ್ ನೆಟ್ಟಗಿನದೋ ಟೇಪರ್ಡೋ, ಮುಂದಿನ ಹಬ್ ಕ್ವಿಕ್ ರಿಲೀಸಾ (ಲಿವರ್ ಎಳೆದು ಬಿಚ್ಚೋದು) ಅಥವಾ 15 ಎಂಎಂ ಥ್ರೂ ಆಕ್ಸಲ್ಲಾ (ದಪ್ಪ ಆಕ್ಸಲ್ ತೂರಿಸೋದು) ನೋಡಿಸಿ. ಹೊಂದದ ಫೋರ್ಕ್ ತಗೊಂಡ್ರೆ ಅದರ ಹಿಂದೆ ಚಕ್ರನೂ ತಗೋಬೇಕಾಗುತ್ತೆ. ನೆಟ್ಟಗಿನ ಟ್ಯೂಬಿಗೆ ಒಳ್ಳೇ ಏರ್ ಫೋರ್ಕಿನ ಆಯ್ಕೆ ಕಮ್ಮಿ. ಫೋರ್ಕಿನ ರೇಟು ನಿಮ್ಮ ಸೈಕಲ್ಲಿನ ಇವತ್ತಿನ ರೇಟಿನ ಅರ್ಧ ದಾಟಿದ್ರೆ ಆ ದುಡ್ಡನ್ನ ಮುಂದಿನ ಸೈಕಲ್ಲಿಗೆ ಇಡಿ.

ಪ್ರಶ್ನೆ: ಕೇಬಲ್ ಡಿಸ್ಕ್ ತೆಗೆಸಿ ಹೈಡ್ರಾಲಿಕ್ ಹಾಕಿಸಿದ್ರೆ ದುಡ್ಡಿಗೆ ಸರಿ ಹೋಗುತ್ತಾ? – ಚಿಕ್ಕಮಗಳೂರು

ಉತ್ತರ: ನಿಮ್ಮ ಊರಿನಲ್ಲಿ, ಹೌದು. ಮುಳ್ಳಯ್ಯನಗಿರಿ ಕಡೆಯಿಂದ ಇಳಿಯೋವಾಗ ಎರಡು ಬೆರಳು ನೋವಿಲ್ದೇ ಬ್ರೇಕ್ ಹಿಡಿಯೋದು ಅಂದ್ರೆ ಏನು ಅಂತ ಒಂದು ಸಲ ಗೊತ್ತಾದ್ರೆ ಹಿಂದೆ ಹೋಗಲ್ಲ. ಶಿಮಾನೊ ಎಂಟಿ200 ಸೆಟ್ ಸಾಕು, ಅದಕ್ಕಿಂತ ಮೇಲಿನದು ಬೇಡ. ಮೂರು ಎಚ್ಚರಿಕೆ. ಈಗಿರೋ ಲಿವರಿಗೆ ಗೇರ್ ಶಿಫ್ಟರ್ ಅಂಟಿಕೊಂಡೇ ಬಂದಿದ್ರೆ ಶಿಫ್ಟರ್ರೂ ಬೇರೆ ತಗೋಬೇಕು, ಆ ಖರ್ಚು ಮೊದ್ಲೇ ಕೇಳಿ. ಶಿಮಾನೊದಲ್ಲಿ ಮಿನರಲ್ ಆಯಿಲ್ ಮಾತ್ರ ಹಾಕ್ಬೇಕು, ಬೈಕು ಕಾರಿಗೆ ಹಾಕೋ ಡಾಟ್ ಫ್ಲೂಯಿಡ್ ಹಾಕಿದ್ರೆ ಒಳಗಿನ ಸೀಲ್ ಹಾಳಾಗುತ್ತೆ. ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿದ್ರೆ ಮೆಟಲ್ ಪ್ಯಾಡ್ ಹಾಕಿಸ್ಬೇಡಿ. ಅಷ್ಟು ದುಡ್ಡು ಈಗಿಲ್ಲ ಅಂದ್ರೆ ಕೇಬಲ್ ಬ್ರೇಕಿಗೇ ಹೊಸ ಪ್ಯಾಡು ಹೊಸ ಕೇಬಲ್ಲು ಹಾಕಿಸಿ, ಡಿಸ್ಕನ್ನ ಸ್ಪಿರಿಟ್ಟಲ್ಲಿ ಒರೆಸಿ, ಅದೇ ಬ್ರೇಕು ಎಷ್ಟೋ ಮೇಲಾಗುತ್ತೆ.

ಪ್ರಶ್ನೆ: ದಿನಾ ಮನೆಯಿಂದ ಫ್ಯಾಕ್ಟರಿಗೆ 14 ಕಿ.ಮೀ., ಪೂರ್ತಿ ಟಾರು. ಎಂಟಿಬಿ ತಗೊಳ್ಳೋಣ ಅಂತಿದೀನಿ, ಗಟ್ಟಿ ಇರುತ್ತೆ ಅಲ್ವಾ? – ಮಂಡ್ಯ

ಉತ್ತರ: ಗಟ್ಟಿ ಇರುತ್ತೆ, ಆದ್ರೆ ನಿಮಗೆ ಬೇಡ. ಗುಬಟು ಟೈರು, ಮುಂದಿನ ಶಾಕು ಎರಡನ್ನೂ ದಿನಾ 28 ಕಿ.ಮೀ. ಸುಮ್ನೆ ಎಳ್ಕೊಂಡು ಹೋಗ್ತೀರ. ಶಾಕ್ ಇಲ್ಲದ ಹೈಬ್ರಿಡ್ ಸೈಕಲ್ ತಗೊಳ್ಳಿ, ಕ್ಯಾರಿಯರ್ ಹಾಕೋಕೆ ತೂತು ಇರೋದನ್ನ ನೋಡಿ. ಈಗಾಗ್ಲೇ ಎಂಟಿಬಿ ಮನೆಗೆ ಬಂದಿದ್ರೆ ಮಾರ್ಬೇಡಿ, ಟೈರ್ ಮಾತ್ರ ಬೋಡು ಟ್ರೆಡ್ಡಿನ 1.75 ಇಂಚಿನ ಆಸುಪಾಸಿನದು ಹಾಕಿಸಿ, ಗಾಳಿ ಟೈರಿನ ಪಕ್ಕದಲ್ಲಿ ಬರೆದಿರೋ ಮಿತಿಯೊಳಗೆ ಜಾಸ್ತಿ ಇಡಿ, ಸೈಕಲ್ಲೇ ಬೇರೆ ಆದ ಹಾಗೆ ಓಡುತ್ತೆ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಅಂಗಡಿಯಲ್ಲಿ 18 ಇಂಚಿನ ಫ್ರೇಮ್ ಇರೋದೇ ಡಿಸ್ಕೌಂಟಿನಲ್ಲಿದೆ, 4 ಸಾವಿರ ಕಮ್ಮಿ. ಸೀಟ್ ಇಳಿಸಿ ಕೊಡ್ತೀವಿ ಮೇಡಂ, ಅಡ್ಜಸ್ಟ್ ಆಗುತ್ತೆ ಅಂತಾರೆ. ಆಗುತ್ತಾ? – ಹುಬ್ಬಳ್ಳಿ

ಉತ್ತರ: ಆಗಲ್ಲ ಮೇಡಂ. ಸೀಟ್ ಇಳಿಸಿದ್ರೆ ಕಾಲು ಪೆಡಲಿಗೆ ತಲುಪುತ್ತೆ ಅಷ್ಟೇ, ಕೈಗೂ ಹ್ಯಾಂಡಲಿಗೂ ಇರೋ ದೂರ ಕಮ್ಮಿ ಆಗಲ್ಲ. ಮುಂದಕ್ಕೆ ಬಾಗಿ ಬಾಗಿ ಕುತ್ತಿಗೆ, ಬೆನ್ನು, ಅಂಗೈ ನೋವು ಶುರುವಾಗುತ್ತೆ, ಬ್ರೇಕ್ ಲಿವರ್ ಬೆರಳಿಗೆ ಸರಿಯಾಗಿ ಸಿಗಲ್ಲ. ಮಣ್ಣು ದಾರಿಯಲ್ಲಿ ತಟ್ಟನೆ ಕಾಲು ಕೊಡ್ಬೇಕಾದಾಗ ಫ್ರೇಮಿನ ಮೇಲಿನ ಕೊಳವೆ ಅಡ್ಡ ಬರುತ್ತೆ, ಅದು ಅಪಾಯ. ಆ 4 ಸಾವಿರ ಉಳಿತಾಯ ಅಲ್ಲ, ಮಾರಾಟ ಆಗದೇ ಉಳಿದಿರೋ ಸೈಜನ್ನ ನಿಮಗೆ ಹೊಂದಿಸ್ತಿದಾರೆ. ನಿಮಗೆ ಬೇಕಾಗಿರೋದು ಎಕ್ಸ್‌ಎಸ್ ಅಥವಾ ಸಣ್ಣ ಎಸ್, 13ರಿಂದ 15 ಇಂಚಿನ ಫ್ರೇಮು, 27.5 ಇಂಚಿನ ಚಕ್ರ. ಶೂ ಹಾಕ್ಕೊಂಡು ಸೈಕಲ್ಲಿನ ಮೇಲಿನ ಕೊಳವೆಯ ಎರಡೂ ಕಡೆ ಕಾಲಿಟ್ಟು ನಿಂತ್ರೆ ಮಧ್ಯೆ 2 ಇಂಚಾದ್ರೂ ಖಾಲಿ ಜಾಗ ಇರ್ಬೇಕು. ಸೀಟಲ್ಲಿ ಕೂತು ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ಸ್ವಲ್ಪ ಮಡಚಿರ್ಬೇಕು, ಹ್ಯಾಂಡಲ್ ಹಿಡಿದಾಗ ಮೊಣಕೈ ಸಡಿಲವಾಗಿ ಬಾಗಿರ್ಬೇಕು, ಚಾಚಿ ಹಿಡ್ದಂಗೆ ಇರ್ಬಾರ್ದು. ಬ್ರೇಕ್ ಲಿವರ್ ಒಳಗಡೆ ಒಂದು ಸಣ್ಣ ಸ್ಕ್ರೂ ಇರುತ್ತೆ, ಅದನ್ನ ತಿರುಗಿಸಿದ್ರೆ ಲಿವರ್ ಹ್ಯಾಂಡಲಿಗೆ ಹತ್ರ ಬರುತ್ತೆ, ಬೆರಳು ಚಿಕ್ಕದಿರೋರಿಗೆ ಅದನ್ನ ಅಂಗಡಿಯಲ್ಲೇ ಮಾಡಿಸ್ಕೊಳ್ಳಿ, ಇದಕ್ಕೆ ಯಾರೂ ದುಡ್ಡು ಕೇಳಲ್ಲ.

ನಿಮ್ಮ ಸೈಜ್ ಸ್ಟಾಕಿಲ್ಲ ಅಂದ್ರೆ ತರಿಸಿಕೊಡೋಕೆ ಹೇಳಿ, ಬಂದ್ಮೇಲೆ ಒಂದು ರೌಂಡ್ ಓಡಿಸಿ ಆಮೇಲೆ ದುಡ್ಡು ಕೊಡ್ತೀನಿ ಅಂತ ಮೊದ್ಲೇ ಮಾತಾಡ್ಕೊಳ್ಳಿ. ಓಡಿಸೋಕೆ ಬಿಡಲ್ಲ, ಪೂರ್ತಿ ಅಡ್ವಾನ್ಸ್ ಬೇಕು ಅನ್ನೋ ಕಡೆ ತಗೋಬೇಡಿ, ಹುಬ್ಬಳ್ಳಿ-ಧಾರವಾಡದಲ್ಲಿ ಬೇರೆ ಅಂಗಡಿಗಳಿವೆ.